ಅಟ್ಟದ ಮೇಲಿನ ಒಲೆ

ಅಂಚೆಚೀಟಿಗಳನ್ನೂ ನಾಣ್ಯಗಳನ್ನೂ ಕೂಡಿಡುವ ಹವ್ಯಾಸವು ನಮಗೆಲ್ಲ ತಿಳಿದದ್ದೇ. ಹಳೆಯ ಒಲೆಗಳನ್ನು ಹುಡುಕಿ ತಂದು ಜೋಪಾನ ಮಾಡುವವರೂ ಇದ್ದಾರೆಂದರೆ ನಿಮಗೆ ಅಚ್ಚರಿಯಾಗಬಹುದು. ಸೈನಿಕರು, ಪ್ರವಾಸಿಗರು, ಪರ್ವತಾರೋಹಿಗಳು ಡೇರೆಗಳಲ್ಲಿ ಬಳಸಿದ ಚಿಕ್ಕ ಒಲೆಗಳನ್ನೂ, ಕಂಪನಿಗಳು ತಮ್ಮ ವಾರ್ಷಿಕೋತ್ಸವದ ನೆನಪಿಗಾಗಿ ಹೊರತಂದ ವಿಶೇಷ ಒಲೆಗಳನ್ನೂ ಅಂಥವರು ಸಂಗ್ರಹಿಸುತ್ತಾರೆ. ಅಂಥದೊಂದು ಒಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಯಾವುದಾದರೊಂದು ಮನೆಯ ಅಟ್ಟದ ಮೇಲೆಯೂ ಇದ್ದೀತು.

ಈ ಸೀಮೆಯ ಅಡಿಗೆಯು ಬಹುಕಾಲ ಕಟ್ಟಿಗೆ, ಕುಳ್ಳು, ತೊಗರಿಕಡ್ಡಿಗಳನ್ನೇ ನಂಬಿತ್ತು. ಕೊಪ್ಪಳದ ಗವಿಮಠದ ಜಾತ್ರೆಗೋ ಹುಲಿಗೆಮ್ಮನ ಜಾತ್ರೆಗೋ ಚಕ್ಕಡಿ ಹೂಡಿಕೊಂಡು ಬಂದವರು ಬಯಲಿನಲ್ಲಿ ಮೂರು ಕಲ್ಲುಗಳನ್ನಿಟ್ಟು ಬೆಂಕಿ ಹೊತ್ತಿಸುತ್ತಿದ್ದರು. ಆ ಮೂರು ಕಲ್ಲುಗಳೇ ನಮ್ಮ ಬಿಡಾರದ ಒಲೆ. ಅದಕ್ಕೆ ಖರ್ಚಿಲ್ಲ, ನಿಜ. ಆದರೆ ಗಾಳಿ ಬೀಸಿದರೆ ಉರಿ ನಿಲ್ಲದು. ಕಟ್ಟಿಗೆ ಹಸಿಯಾಗಿದ್ದರೆ ಹೊಗೆಯಿಂದ ಅಡಿಗೆ ಮಾಡುವವಳ ಕಣ್ಣು ಉರಿಯುವುದು ತಪ್ಪದು.

ಈ ತೊಂದರೆಗೆ ಒಂದು ಪರಿಹಾರವು ದೂರದ ಸ್ವೀಡನ್ ದೇಶದಿಂದ ಬಂದಿತು. 1892ರಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತನು ಮಸಿ ಹಿಡಿಯದ ಸೀಮೆಎಣ್ಣೆಯ ಒಲೆಯನ್ನು ರೂಪಿಸಿದನು. ಅದು 'ಪ್ರೈಮಸ್' ಎಂದು ಹೆಸರಾಯಿತು. ಹಿತ್ತಾಳೆಯ ಪಾತ್ರೆಯಲ್ಲಿ ಎಣ್ಣೆ ತುಂಬಿ, ಮೇಲಿನ ಬಟ್ಟಲಿನಲ್ಲಿ ಸ್ಪಿರಿಟ್ ಉರಿಸಿ ಬರ್ನರನ್ನು ಕಾಯಿಸಬೇಕು. ಬಳಿಕ ಪಂಪಿನಿಂದ ಗಾಳಿ ಹಾಕಿದರೆ, ಆ ಒತ್ತಡಕ್ಕೆ ಎಣ್ಣೆಯು ಕೊಳವೆಯೊಳಗೆ ಮೇಲೇರಿ, ಕಾದ ಬರ್ನರಿನಲ್ಲಿ ಆವಿಯಾಗುತ್ತದೆ. ಸೂಜಿಯ ಮೊನೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮುವ ಆ ಆವಿಯು ಗಾಳಿಯೊಡನೆ ಬೆರೆತು, ಭೋರೆಂದು ಸದ್ದು ಮಾಡುತ್ತ, ನೀಲಿಯಾಗಿ ಉರಿಯುತ್ತದೆ.

1911ರಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದ ಅಮುಂಡ್‌ಸೆನ್ನನ ತಂಡದೊಡನೆ ಪ್ರೈಮಸ್ ಒಲೆಯಿತ್ತು. 1953ರಲ್ಲಿ ಎವರೆಸ್ಟನ್ನು ಏರುವ ಮುಂಜಾನೆ ಹಿಲರಿಯು ಹಿಮಗಟ್ಟಿದ್ದ ತನ್ನ ಬೂಟುಗಳನ್ನು ಇಂಥ ಒಲೆಯ ಉರಿಯಲ್ಲಿಯೇ ಕಾಯಿಸಿಕೊಂಡನು. ಅದೇ ಬಗೆಯ ಒಲೆಗಳು ಮುಂದೆ ಭಾರತದಲ್ಲಿಯೂ ತಯಾರಾಗಿ, ಚಹದಂಗಡಿಗಳಿಗೂ ಮನೆಗಳಿಗೂ ಬಂದವು. 'ಸ್ಟೋವ್' ಎಂಬ ಮಾತು ಕನ್ನಡದ್ದೇ ಆಯಿತು.

ಈಗ ಅಡಿಗೆ ಅನಿಲವು ಹಳ್ಳಿಗಳಿಗೂ ತಲುಪಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯು ಬಡಕುಟುಂಬಗಳಿಗೂ ಅದನ್ನು ಒದಗಿಸಿತು. ಮೂಲೆ ಸೇರಿದ ಹಿತ್ತಾಳೆಯ ಸ್ಟೋವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಕರಗಿದ ಹಿತ್ತಾಳೆ ಮತ್ತೊಂದು ಪಾತ್ರೆಯಾದೀತು. ಅದರೊಡನೆ ಕರಗಿದ ಚರಿತ್ರೆ ಮಾತ್ರ ಮರಳಿ ಬಾರದು.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವುಗಳ ಅಕ್ಷರಗಳೇ ಆ ಕಲ್ಲುಗಳಿಗೆ ಮಾತು ಕೊಟ್ಟಿವೆ. ಒಲೆಯ ಮೇಲೂ ಅಂಥ ಅಕ್ಷರಗಳುಂಟು. ಪ್ರೈಮಸ್ ಕಂಪನಿಯು 1911ರಿಂದ ತಯಾರಿಕೆಯ ವರ್ಷವನ್ನು ಸೂಚಿಸುವ ಅಕ್ಷರವನ್ನು ಒಲೆಯ ಮೇಲೆ ಒತ್ತುತ್ತಿತ್ತು; 1911ರ ಒಲೆಗೆ 'ಎ' ಎಂಬುದು ಗುರುತು. ಆದರೆ ಅದನ್ನು ಕೊಂಡವರು ಯಾರು, ಯಾವ ಸಂತೆಯಿಂದ ತಂದರು, ಅದರ ಮೇಲೆ ಮೊದಲು ಬೇಯಿಸಿದ್ದೇನು ಎಂಬುದನ್ನು ಯಾವ ಕಂಪನಿಯೂ ಒತ್ತಲಿಲ್ಲ. ಅದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಸ್ಟೋವ್ ಸಿಡಿದು ಸುಟ್ಟುಕೊಂಡ ಹೆಣ್ಣುಮಕ್ಕಳ ನೋವೂ ಆ ನೆನಪಿನೊಳಗಿದೆ. ಹೊಳಪನ್ನು ಮಾತ್ರ ಉಳಿಸಿ ನೋವನ್ನು ಮರೆಸುವ ಸಂಗ್ರಹವು ಪೂರ್ಣವಾದ ಸಂಗ್ರಹವಲ್ಲ.

ದಿನಬಳಕೆಯ ವಸ್ತುಗಳಿಗೂ ಚರಿತ್ರೆಯಲ್ಲಿ ಸ್ಥಾನವುಂಟೆಂಬುದನ್ನು ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವು ತೋರಿಸಿಕೊಟ್ಟಿದೆ. ಅಲ್ಲಿ ಹಳ್ಳಿಯ ಮನೆಯ ಪಾತ್ರೆಪರಡಿಗಳೂ ಗೌರವದಿಂದ ಕುಳಿತಿವೆ.

ನಿಮ್ಮ ಮನೆಯಲ್ಲಿ ಹಳೆಯ ಸ್ಟೋವಿದ್ದರೆ ಅದನ್ನು ಹೊತ್ತಿಸಲು ಹೋಗಬೇಡಿರಿ. ಸವೆದ ಪಾತ್ರೆಯು ಒತ್ತಡ ತಾಳದೆ ಸಿಡಿಯಬಹುದು. ಹುಣಸೆಹಣ್ಣಿನಿಂದ ತಿಕ್ಕಿ ಹೊಳಪಿಸುವ ಅವಸರವೂ ಬೇಡ. ಅತಿಯಾಗಿ ತಿಕ್ಕಿದರೆ ಅಕ್ಷರಗಳು ಸವೆಯುತ್ತವೆ. ಮೊದಲು ಆ ಅಕ್ಷರಗಳನ್ನು ಬರೆದುಕೊಳ್ಳಿರಿ. ಬಳಿಕ ಅಜ್ಜಿಯ ಬಳಿ ಕುಳಿತು ಕೇಳಿರಿ. ಅವಳು ಹೇಳಿದುದನ್ನು ಒಂದು ಚೀಟಿಯಲ್ಲಿ ಬರೆದು ಒಲೆಗೆ ಕಟ್ಟಿರಿ. ಚೀಟಿಯಿಲ್ಲದ ಒಲೆ ಬರಿಯ ಹಿತ್ತಾಳೆ. ಚೀಟಿಯುಳ್ಳ ಒಲೆ ಒಂದು ಮನೆಯ ಚರಿತ್ರೆ.