ದೋಣಿ ಬಾಡಿಗೆ ಅರವತ್ತು ಸಾವಿರ, ದಡದ ಖರ್ಚು ಬೇರೆ

ದೋಣಿಯಲ್ಲಿ ಮದುವೆ ಅಂದ ಕೂಡಲೇ ಎಲ್ಲರೂ ಕೇಳುವುದು ಬಾಡಿಗೆ ಎಷ್ಟು ಅಂತ. 60 ಸಾವಿರ ಅಂದರೆ ‘ಅಷ್ಟೇನಾ? ಮೈಸೂರಲ್ಲಿ ಛತ್ರಕ್ಕೇ ಅದಕ್ಕಿಂತ ಜಾಸ್ತಿ ಕೇಳ್ತಾರಲ್ಲ’ ಅಂತ ಹುಬ್ಬೇರಿಸುತ್ತಾರೆ. ಬಾಡಿಗೆಯ ಮಟ್ಟಿಗೆ ಅವರ ಮಾತು ನಿಜ. ಆದರೆ ಮದುವೆ ಲೆಕ್ಕದಲ್ಲಿ ಬಾಡಿಗೆ ಯಾವತ್ತೂ ಪೂರ್ತಿ ಸತ್ಯ ಹೇಳುವುದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ದೋಣಿಯ ಬೆಲೆ ಕೊನೆಗೆ ಬಂದು ನಿಂತದ್ದು 2.76 ಲಕ್ಷಕ್ಕೆ.

ಮದುವೆ ನನ್ನ ತಮ್ಮನ ಮಗಳದ್ದು. ಹುಡುಗ ಕೇರಳದ ಕುಟ್ಟನಾಡಿನವನು. ಇಬ್ಬರ ಪರಿಚಯ ಬೆಂಗಳೂರಿನ ಆಫೀಸಿನಲ್ಲಿ. ‘ಅತ್ತೆ, ಛತ್ರ ಬೇಡ, ಐನೂರು ಜನ ಬೇಡ. ಆಲಪ್ಪುಳದಲ್ಲಿ ಒಂದು ಹೌಸ್‌ಬೋಟು, ಎರಡು ಮನೆಯವರು, ಮುಗೀತು. ದುಂದು ಮಾಡಬೇಡಿ ಅಂತ ನೀವೇ ಬರೀತೀರಲ್ಲ’ ಅಂದಳು. ನನ್ನ ಅಂಕಣವನ್ನೇ ನನ್ನ ಮೇಲೆ ಪ್ರಯೋಗಿಸಿದವರ ಎದುರು ವಾದ ಮಾಡುವುದು ಕಷ್ಟ. ಅವಳ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ನಾನು ಪೆನ್ನು ಹಿಡಿದು ಕೂತೆ.

ಮೊದಲು ದೋಣಿಯ ವಿಷಯ. ಆಲಪ್ಪುಳದ ಹೌಸ್‌ಬೋಟುಗಳ ಮೂಲ ಕೆಟ್ಟುವಳ್ಳಂ, ಒಂದು ಕಾಲಕ್ಕೆ ಭತ್ತ, ಅಕ್ಕಿ ಸಾಗಿಸುತ್ತಿದ್ದ ದೋಣಿ. ಆಂಜಿಲಿ ಮರದ, ಅಂದರೆ ನಮ್ಮ ಹೆಬ್ಬಲಸಿನ, ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟುತ್ತಿದ್ದರು. ಮೇಲಿನ ಚಾವಣಿ ಬಿದಿರು, ಚಾಪೆ. ಇದರಲ್ಲಿ ಎಲ್ಲಿ ಕೈಯಿಟ್ಟರೂ ಬೆಂಕಿ ಹಿಡಿಯುವ ವಸ್ತುವೇ. ಹಾಗಾಗಿ ಹೋಮದ ಮಾತೆತ್ತಿದ ಕ್ಷಣವೇ ದೋಣಿಯ ಮಾಲೀಕರು ಕೈ ಅಲ್ಲಾಡಿಸಿಬಿಟ್ಟರು. ಮಲಯಾಳಿ ಮದುವೆ ನೋಡಿದವರಿಗೆ ಗೊತ್ತು, ತಾಳಿ ಕಟ್ಟಿ, ಹಾರ ಬದಲಿಸಿ, ವಧುವಿಗೆ ಪುಡವೆ, ಅಂದರೆ ಸೀರೆ, ಕೊಟ್ಟರೆ ಶಾಸ್ತ್ರ ಮುಗಿದಂತೆ, ಉಳಿದದ್ದೆಲ್ಲ ಊಟ. ನಮ್ಮಲ್ಲಿ ಲಾಜಾಹೋಮ, ಸಪ್ತಪದಿ ಇಲ್ಲದೆ ನಮ್ಮಮ್ಮ ಅಕ್ಷತೆ ಹಾಕುವುದಿಲ್ಲ. ಧಾರೆ ಮೈಸೂರಿನಲ್ಲಿ, ದೋಣಿಯಲ್ಲಿ ಆರತಕ್ಷತೆ ಎಂದು ತೀರ್ಮಾನವಾಯಿತು. ಒಂದು ಚಿಕ್ಕ ಮದುವೆ ಎರಡಾದದ್ದು ಅಲ್ಲಿಯೇ.

ಹಣದ ಕಣ್ಣಿನಿಂದ ನೋಡಿದರೆ ದೋಣಿಗೆ ಒಂದು ದೊಡ್ಡ ಗುಣವಿದೆ. ಛತ್ರದಲ್ಲಿ ಮುನ್ನೂರು ಎಲೆ ಅಂದುಕೊಂಡದ್ದು ನಾನೂರೈವತ್ತಾದರೆ ಇನ್ನೊಂದು ಪಂಕ್ತಿ ಹಾಕಿಸುತ್ತೇವೆ, ಬಿಲ್ಲು ಬಂದಾಗ ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ. ದೋಣಿಯಲ್ಲಿ ಆ ಆಟ ನಡೆಯುವುದಿಲ್ಲ. ಎಷ್ಟು ಜನ ಹತ್ತಬಹುದು ಎಂಬುದು ಸರ್ವೆ ಪ್ರಮಾಣಪತ್ರದಲ್ಲೇ ಇರುತ್ತದೆ. ‘ದೋಣಿಯಲ್ಲಿ ಜಾಗವಿಲ್ಲ’ ಎಂದರೆ ಯಾವ ದೊಡ್ಡಪ್ಪನೂ ಮುನಿಸಿಕೊಳ್ಳುವ ಹಾಗಿಲ್ಲ.

ನಾವು ನೋಡಿದ ದೋಣಿಗೆ 60 ಪ್ರಯಾಣಿಕರ ಮಿತಿ. ಮಧ್ಯವರ್ತಿಯೊಬ್ಬ ‘ಮದುವೆ ಪಾರ್ಟಿ ಅಲ್ಲವಾ, ಎಂಬತ್ತು ಜನ ಆದರೂ ನಡೆಯುತ್ತೆ, ಮಕ್ಕಳನ್ನ ಯಾರು ಎಣಿಸ್ತಾರೆ’ ಅಂದ. ಆ ಮಾತಿಗೆ ಅವನನ್ನು ಅಲ್ಲೇ ಬಿಟ್ಟು ನೇರವಾಗಿ ಮಾಲೀಕರ ಹತ್ತಿರ ವ್ಯವಹಾರ ಕುದುರಿಸಿದೆವು. 2023ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು, ಮಿತಿ ಮೀರಿ ಜನ ತುಂಬಿದ್ದರು, ಸತ್ತವರಲ್ಲಿ ಮಕ್ಕಳೇ ಹೆಚ್ಚು. ನಮ್ಮ ಕಾರವಾರದ ಕಡಲಿನಲ್ಲೂ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮುಳುಗಿತ್ತು. ಇಪ್ಪತ್ತು ಜನರನ್ನು ಹೆಚ್ಚಿಗೆ ಹತ್ತಿಸಿ ಉಳಿಸುವ ದುಡ್ಡು ನನಗೆ ಯಾವ ಲೆಕ್ಕದಲ್ಲೂ ಉಳಿತಾಯವಾಗಿ ಕಾಣುವುದಿಲ್ಲ.

ಈಗ ಆ 60 ಅನ್ನು ಬಿಡಿಸಿ ನೋಡಿ. ಫೋಟೊ, ವಿಡಿಯೊದವರು ನಾಲ್ಕು ಜನ. ಬಡಿಸುವವರು ಆರು. ಚೆಂಡೆಯವರು ನಾಲ್ಕು. ಇವರ್‍ಯಾರೂ ದೋಣಿಯ ಸಿಬ್ಬಂದಿಯಲ್ಲ, ಪ್ರಯಾಣಿಕರ ಲೆಕ್ಕಕ್ಕೇ ಬರುತ್ತಾರೆ. ಉಳಿದದ್ದು 46. ಎರಡು ಮನೆಗೆ ಹಂಚಿದರೆ ತಲಾ 23. ವಧೂವರರು, ಅಪ್ಪ ಅಮ್ಮ, ಅಜ್ಜಿ, ಒಡಹುಟ್ಟಿದವರು, ಅವರ ಮಕ್ಕಳು ಎಂದು ಬರೆಯುತ್ತ ಹೋದರೆ 23 ಎಷ್ಟು ಬೇಗ ತುಂಬುತ್ತದೆ ಅಂದರೆ, ನನ್ನ ತಮ್ಮ ಪಟ್ಟಿಯ ಮೇಲೆ ಬೆರಳಿಟ್ಟು ‘ಅಕ್ಕ, ಚಿಕ್ಕಮ್ಮನ ಮಕ್ಕಳನ್ನೇ ಬಿಡಬೇಕಾ? ಅವರು ನಮ್ಮ ಮನೆ ಪ್ರತಿ ಮದುವೆಗೂ ಬಂದು ಮುಯ್ಯಿ ಹಾಕಿದ್ದಾರೆ’ ಅಂದ. ಚೆಂಡೆಯವರು ಜೆಟ್ಟಿಯ ಮೇಲೆಯೇ ಬಾರಿಸಿ ನಿಲ್ಲಲಿ ಎಂದು ಒಪ್ಪಿಸಿದ ಮೇಲೆ ಆ ನಾಲ್ಕರಲ್ಲಿ ನಮ್ಮ ಪಾಲಿನ ಎರಡು ಜಾಗ ಚಿಕ್ಕಮ್ಮನ ಮಕ್ಕಳಿಗೆ ಸಿಕ್ಕಿತು. ಮುಯ್ಯಿ ಪುಸ್ತಕದಲ್ಲಿ ಹೆಸರಿದ್ದ ಉಳಿದವರೆಲ್ಲ ಮೈಸೂರಿನ ಛತ್ರಕ್ಕೆ.

ಫೋಟೊ ವಿಚಾರ ಬಂದದ್ದರಿಂದ ಒಂದು ಮಾತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ನುಗ್ಗಿದ್ದು ಅದಕ್ಕೆ ಒಂದು ಕಾರಣವೆಂದು ಆಗ ಎಲ್ಲೆಡೆ ವರದಿಯಾಗಿತ್ತು. ಮದುವೆ ದೋಣಿಯಲ್ಲಿ ಆನೆಯ ಅಗತ್ಯವೇ ಇಲ್ಲ, ಗ್ರೂಪ್ ಫೋಟೊ ಸಾಕು. ‘ಎಲ್ಲರೂ ಈ ಕಡೆ ಬನ್ನಿ’ ಎಂದು ಕೂಗುವ ಕ್ಯಾಮೆರಾದವರಿಗೆ, ಗುಂಪಿನ ಫೋಟೊ ಎಲ್ಲ ದಡದಲ್ಲೇ ಎಂದು ಮೊದಲೇ ಹೇಳಿಟ್ಟೆವು. ಖರ್ಚಿಲ್ಲದ ಸುರಕ್ಷತೆ ಇದೊಂದೇ.

ಇನ್ನು ಗಡಿಯಾರ. ಸಂಜೆ ದೀಪ, ಸರಮಾಲೆ, ನೀರಿನ ಮೇಲೆ ತೇಲುವ ಆರತಕ್ಷತೆ ಎಂಬ ಕನಸು ಹುಡುಗಿಗಿತ್ತು. ಆಲಪ್ಪುಳದಲ್ಲಿ ಸಂಜೆ ಐದೂವರೆ, ಆರರ ಹೊತ್ತಿಗೆ ಹೌಸ್‌ಬೋಟುಗಳು ದಡ ಸೇರಿಬಿಡುತ್ತವೆ. ಕತ್ತಲಾದ ಮೇಲೆ ನೀರು ಬಲೆ ಬೀಸುವ ಮೀನುಗಾರರದ್ದು. ದೀಪ ಬೇಕೆಂದರೆ ಕಟ್ಟಿಹಾಕಿದ ದೋಣಿಯಲ್ಲಿ ಕೂರಬೇಕು, ಜನರೇಟರಿನ ಡೀಸೆಲ್ಲಿಗೆ ಬೇರೆ ದುಡ್ಡು ಕೊಡಬೇಕು. ನಿಂತ ದೋಣಿಗೆ ಅಷ್ಟು ಸುರಿಯುವ ಬದಲು ದಡದ ಹಾಲಿನಲ್ಲೇ ಕೂರಬಹುದಲ್ಲ! ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಎಂದು ಗೊತ್ತು ಮಾಡಿದೆವು. ದೀಪಾಲಂಕಾರದ ಬಾಬತ್ತು ಪೂರ್ತಿ ಹೊರಟುಹೋಯಿತು. ಹಗಲು ವೇಂಬನಾಡು ಸರೋವರದ ಮೇಲೆ ಬೀಳುವ ಬೆಳಕಿಗೆ ಯಾರೂ ಬಿಲ್ಲು ಕೊಡಲಿಲ್ಲ.

ದರ ಇಳಿಯುವುದು ಮಳೆಗಾಲದಲ್ಲಿ. ಆದರೆ ನಮಗೆ ಆಷಾಢ ಬೇಡ, ಅವರಿಗೆ ಕರ್ಕಿಡಗಂ ಮಾಸ ಬೇಡ. ಎರಡೂ ಸೇರಿದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬಾಗಿಲು ಮುಚ್ಚಿದಂತೆ, ದೋಣಿ ಅಗ್ಗವಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ಮುಂದಿನ ಮಾಸ ಚಿಂಗಂ ಬಂತೆಂದರೆ ಓಣಂ, ದರ ಏರುತ್ತದೆ. ಡಿಸೆಂಬರ್, ಜನವರಿ ಕೇಳುವುದೇ ಬೇಡ. ನಾವು ಹಿಡಿದದ್ದು ಫೆಬ್ರುವರಿಯ ಒಂದು ಬುಧವಾರ. ಆರತಕ್ಷತೆಗೆ ಮುಹೂರ್ತದ ಹಂಗಿಲ್ಲವಾದ್ದರಿಂದ ವಾರದ ನಡುವಿನ ದಿನ ನಡೆಯುತ್ತದೆ. ಅದರಿಂದಲೇ ಬಾಡಿಗೆ 60 ಸಾವಿರಕ್ಕೆ ಇಳಿದದ್ದು, ಶನಿವಾರಕ್ಕೆ ಅದೇ ದೋಣಿಗೆ 78 ಸಾವಿರ ಹೇಳಿದ್ದರು.

ಇನ್ನು ದಡದ ಖರ್ಚು. ‘ಸದ್ಯ’, ಅಂದರೆ ಎಲೆಯ ಮೇಲೆ ಬಡಿಸುವ ಮಲಯಾಳಿ ಹಬ್ಬದೂಟ, ದೋಣಿಯ ಪುಟ್ಟ ಅಡುಗೆಮನೆಯಲ್ಲಿ ಆಗುವುದಲ್ಲ, ಊರಿನ ಅಡುಗೆಯವರು ಮಾಡಿ ತಂದು ಬಡಿಸಿದರು. ಎಲೆಗೆ 450ರಂತೆ 60 ಎಲೆ, 27 ಸಾವಿರ. ಕೆಲಸದವರಿಗೂ ಎಲೆ ಹಾಕಬೇಕು, ಇದನ್ನು ಲೆಕ್ಕದಲ್ಲಿ ಬಿಡುವವರೇ ಜಾಸ್ತಿ. ಹೂವಿನ ಅಲಂಕಾರ 25 ಸಾವಿರ. ಬಾಡಿಗೆಯೂ ಸೇರಿ ದೋಣಿಯ ಮೇಲಿನ ಖರ್ಚು 1.12 ಲಕ್ಷ. ನಮ್ಮ ಕಡೆಯವರಿಗೆ ಎರಡು ರಾತ್ರಿ 12 ರೂಮು, ರೂಮಿಗೆ 3,500ರಂತೆ 84 ಸಾವಿರ. ಎರ್ನಾಕುಲಂವರೆಗೆ ಹೋಗಿ ಬರುವ ರೈಲು, ಅಲ್ಲಿಂದ ಟೆಂಪೊ ಟ್ರಾವೆಲರ್ ಸೇರಿ 80 ಸಾವಿರ. ದೋಣಿ ಹತ್ತುವ ಮೊದಲೇ, ಬರೀ ಜನರನ್ನು ಅಲ್ಲಿಗೆ ಮುಟ್ಟಿಸಿ ಮಲಗಿಸಲು 1.64 ಲಕ್ಷ! 2.76 ಲಕ್ಷ ಎಂದು ಶುರುವಿನಲ್ಲಿ ಹೇಳಿದ್ದು ಈ ಎರಡರ ಮೊತ್ತ. ಮೈಸೂರಿನಲ್ಲಿ ಧಾರೆಗೆ 350 ಎಲೆ, ಎಲೆಗೆ 500ರಂತೆ 1.75 ಲಕ್ಷ, ಛತ್ರಕ್ಕೆ 75 ಸಾವಿರ. ಸೀರೆ, ಒಡವೆ ಬಿಟ್ಟು ಒಟ್ಟು 5.26 ಲಕ್ಷ.

ರೈಲಿನ ವಿಷಯಕ್ಕೆ ಒಂದು ಎಚ್ಚರಿಕೆ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಲಗ್ನಪತ್ರಿಕೆ ಬರೆಸಿ ಆರು ತಿಂಗಳಾಗಿರಬಹುದು, ಟಿಕೆಟ್ ಮಾತ್ರ ಎರಡೇ ತಿಂಗಳ ಮುಂಚೆ. ಆ ದಿನ ಬೆಳಿಗ್ಗೆ ಎಂಟಕ್ಕೆ ಮನೆಯಲ್ಲಿ ಮೂವರು ಮೂರು ಫೋನು ಹಿಡಿದು ಕೂತಿರಬೇಕು. ತಪ್ಪಿದರೆ ವಿಮಾನ, ಆಗ ಲೆಕ್ಕವೇ ತಲೆಕೆಳಗು.

ಕರಾರು ಬಾಯಿಮಾತಿನಲ್ಲಿ ಬೇಡ. ದೋಣಿಯ ನೋಂದಣಿ, ಸರ್ವೆ ಪ್ರಮಾಣಪತ್ರ, ವಿಮೆ, ದೋಣಿ ನಡೆಸುವ ಸ್ರಾಂಗನ ಲೈಸೆನ್ಸ್ ನಾಲ್ಕನ್ನೂ ನೋಡಿ ಫೋಟೊ ತೆಗೆದುಕೊಂಡೆವು. 2021ರ ಒಳನಾಡು ಹಡಗುಗಳ ಕಾಯ್ದೆ ಬಂದ ಮೇಲೆ ಇವನ್ನೆಲ್ಲ ಕೇಳಲು ಸಂಕೋಚಪಡಬೇಕಾಗಿಲ್ಲ. ವಿಮೆಯ ಕಾಗದದಲ್ಲಿ ಮುಗಿಯುವ ತಾರೀಕು ನೋಡುವುದು ಮುಖ್ಯ, ಬುಕ್ ಮಾಡುವ ದಿನ ಚಾಲ್ತಿಯಿದ್ದದ್ದು ಮದುವೆಯ ದಿನ ಮುಗಿದಿರಬಹುದು. ಆಮೇಲೆ ಮಳೆ. ಕೇರಳದಲ್ಲಿ ಭಾರಿ ಮಳೆಯ ಎಚ್ಚರಿಕೆ ಬಂದರೆ ಜಿಲ್ಲಾಡಳಿತ ದೋಣಿ ವಿಹಾರ ನಿಲ್ಲಿಸುವುದುಂಟು. 2018ರ ಪ್ರವಾಹದ ವರ್ಷ ಆಲಪ್ಪುಳದ ಪುನ್ನಮಡ ಕೆರೆಯ ನೆಹರೂ ಟ್ರೋಫಿ ವಳ್ಳಂಕಳಿ ದೋಣಿ ಸ್ಪರ್ಧೆಯನ್ನೇ ಆಗಸ್ಟ್‌ನಿಂದ ನವೆಂಬರ್‌ಗೆ ಮುಂದೂಡಿದ್ದರು. ಸರ್ಕಾರಿ ಆದೇಶದಿಂದ ದೋಣಿ ಹೊರಡದಿದ್ದರೆ ಮುಂಗಡ ಪೂರ್ತಿ ವಾಪಸ್ ಅಥವಾ ಬೇರೆ ತಾರೀಕು, ಆಯ್ಕೆ ನಮ್ಮದು ಎಂದು ಬರೆಸಿಕೊಂಡೆವು. ಮೊದಲು ಮಾಲೀಕರು ತಾರೀಕು ಮಾತ್ರ ಬದಲಿಸುತ್ತೇವೆ ಅಂದರು. ಹಸೆಮಣೆ ಮೇಲಿದ್ದವರಿಗೆ ಮೂರು ತಿಂಗಳ ಮೇಲಿನ ತಾರೀಕು ಏನು ಪ್ರಯೋಜನ ಎಂದು ಹುಡುಗನ ತಂದೆ ಮಲಯಾಳದಲ್ಲಿ ಕೇಳಿದ ಮೇಲೆ ಒಪ್ಪಿದರು. ಮುಂಗಡ ಶೇ 30ಕ್ಕಿಂತ ಹೆಚ್ಚು ಕೊಡಲಿಲ್ಲ.

ದುಡ್ಡು ಎಲ್ಲಿಂದ ಎಂಬುದು ಕೊನೆಯದು. ತಮ್ಮ ಮೊದಲು ಯೋಚಿಸಿದ್ದು 5 ಲಕ್ಷ ವೈಯಕ್ತಿಕ ಸಾಲ. ಶೇ 12ರ ಬಡ್ಡಿಗೆ ಮೂರು ವರ್ಷ ಅಂದರೆ ತಿಂಗಳಿಗೆ 16,607 ಕಂತು, ಬಡ್ಡಿಯೇ ಸುಮಾರು 98 ಸಾವಿರ. ದೋಣಿಯ ಬಾಡಿಗೆಯನ್ನು ಒಂದೂವರೆ ಸಲ ಕಟ್ಟಿದ ಹಾಗೆ. ಮದುವೆಗೆ ತಾರೀಕಿರುತ್ತದೆ, ತಾರೀಕಿರುವ ಖರ್ಚಿಗೆ ಷೇರು, ಮ್ಯೂಚುವಲ್ ಫಂಡ್ ನಂಬಿ ಕೂರುವುದೂ ನನಗೆ ಒಪ್ಪಿಗೆಯಿಲ್ಲ. ಹುಡುಗ ಹುಡುಗಿ ನಿಶ್ಚಿತಾರ್ಥದ ತಿಂಗಳಿಂದಲೇ ತಲಾ 15 ಸಾವಿರದ ಆರ್‌ಡಿ ಶುರು ಮಾಡಿದರು. ದೋಣಿ, ರೂಮು, ರೈಲು ಅವರದ್ದು, ಛತ್ರ ತಮ್ಮನದ್ದು. ‘ಸದ್ಯ’ ಊಟದ 27 ಸಾವಿರ ಕೊಡಲು ಹೋದಾಗ ಬೀಗರು ತೆಗೆದುಕೊಳ್ಳಲಿಲ್ಲ. ‘ಊಟ ಹಾಕಿ ದುಡ್ಡು ಇಸ್ಕೊಳ್ಳೋದುಂಟಾ’ ಎಂದು ಅವರ ಭಾಷೆಯಲ್ಲಿ ಗದರಿದರು. ಆ ಹಣ ಆರ್‌ಡಿ ಖಾತೆಯಲ್ಲೇ ಉಳಿದು, ಯುಗಾದಿಗೆ ಅವರೆಲ್ಲ ಮೈಸೂರಿಗೆ ಬಂದು ಹೋಗುವ ಟಿಕೆಟ್ಟಿಗಾಯಿತು.