ಬಲ ಮತ್ತು ಚಲನೆ

ಜಾತ್ರೆಯ ದಿನ ತೇರೆಳೆಯುವುದನ್ನು ಕಂಡ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೂರು ಸಂಗತಿಗಳು ತಿಳಿದೇ ಇರುತ್ತವೆ. ನಿಂತ ತೇರು ಸುಲಭವಾಗಿ ಕದಲದು; ನೂರಾರು ಜನ ಹಗ್ಗಕ್ಕೆ ಕೈಹಚ್ಚಬೇಕು. ಒಮ್ಮೆ ಗಾಲಿಗಳು ಉರುಳತೊಡಗಿದರೆ ಮೊದಲಿನಷ್ಟು ಶ್ರಮ ಬೇಕಾಗದು. ಆದರೆ ಉರುಳುತ್ತಿರುವ ತೇರು, ಜನರು ಹಗ್ಗವನ್ನು ಸಡಿಲ ಬಿಟ್ಟ ಮಾತ್ರಕ್ಕೆ ತಟ್ಟನೆ ನಿಲ್ಲದು. ಗಾಲಿಯ ಮುಂದೆ ಮರದ ತುಂಡನ್ನು ಒಡ್ಡಲು ಅನುಭವಿಗಳು ಎಚ್ಚರದಿಂದ ಕಾದಿರಬೇಕು. ಇವುಗಳಿಗೆ ಕಾರಣವೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಬಲ ಮತ್ತು ಚಲನೆಗಳ ಅಭ್ಯಾಸದ ಆರಂಭ. ಇದು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ವಿಷಯವಲ್ಲ. ನಮ್ಮ ದಿನನಿತ್ಯದ ಬದುಕಿಗೂ, ಕೆಲವೊಮ್ಮೆ ಪ್ರಾಣರಕ್ಷಣೆಗೂ ಬೇಕಾದ ತಿಳಿವಳಿಕೆ ಇದರಲ್ಲಿ ಅಡಗಿದೆ.

ಚಲನೆ ಎಂದರೇನು?

ಒಂದು ವಸ್ತು ಕಾಲ ಕಳೆದಂತೆ ಸುತ್ತಲಿನ ವಸ್ತುಗಳಿಗೆ ಹೋಲಿಸಿದಾಗ ತನ್ನ ಸ್ಥಾನವನ್ನು ಬದಲಿಸುತ್ತಿದ್ದರೆ ಅದು ಚಲಿಸುತ್ತಿದೆ ಎನ್ನುತ್ತೇವೆ. ಬಸ್ಸಿನಲ್ಲಿ ಕುಳಿತ ಪ್ರಯಾಣಿಕನು ತನ್ನ ಆಸನಕ್ಕೆ ಹೋಲಿಸಿದರೆ ನಿಶ್ಚಲನು. ದಾರಿಯ ಬದಿಯ ಹುಣಸೆಮರಕ್ಕೆ ಹೋಲಿಸಿದರೆ ಚಲಿಸುವವನು. ಅಲುಗಾಡದೆ ಕುಳಿತು ಓದುತ್ತಿರುವ ನಾವು ಕೂಡ ಭೂಮಿಯೊಡನೆ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರಿನಂತೆ ಸಾಗುತ್ತಲೇ ಇದ್ದೇವೆ. ಆದ್ದರಿಂದ ಚಲನೆಯನ್ನು ಹೇಳುವಾಗ 'ಯಾವುದಕ್ಕೆ ಹೋಲಿಸಿ' ಎಂಬುದನ್ನೂ ತಿಳಿದಿರಬೇಕು.

ಸಾಗಿದ ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಜವವು ದೊರೆಯುತ್ತದೆ. 2 ಗಂಟೆಗಳಲ್ಲಿ 80 ಕಿಲೋಮೀಟರು ಸಾಗಿದ ಬಸ್ಸಿನ ಸರಾಸರಿ ಜವ ಗಂಟೆಗೆ 40 ಕಿಲೋಮೀಟರು. ಜವದೊಡನೆ ದಿಕ್ಕನ್ನೂ ಹೇಳಿದರೆ ಅದು ವೇಗ. ವೇಗವು ಬದಲಾಗುವ ದರಕ್ಕೆ ವೇಗೋತ್ಕರ್ಷವೆಂದು ಹೆಸರು. ಜವವು ಬದಲಾಗದೆ ದಿಕ್ಕು ಮಾತ್ರ ಬದಲಾದರೂ ವೇಗ ಬದಲಾದಂತೆಯೇ ಎಂಬುದನ್ನು ಮರೆಯಬಾರದು.

ಬಲ ಎಂದರೇನು?

ನೂಕುವುದು ಅಥವಾ ಎಳೆಯುವುದೇ ಬಲ. ಬಲವು ನಿಂತ ವಸ್ತುವನ್ನು ಚಲಿಸುವಂತೆ ಮಾಡಬಲ್ಲದು, ಚಲಿಸುವುದನ್ನು ನಿಲ್ಲಿಸಬಲ್ಲದು, ಅದರ ಜವವನ್ನು ಹೆಚ್ಚಿಸಬಲ್ಲದು ಇಲ್ಲವೆ ಕುಗ್ಗಿಸಬಲ್ಲದು, ದಿಕ್ಕನ್ನು ತಿರುಗಿಸಬಲ್ಲದು, ಆಕಾರವನ್ನೂ ಬದಲಿಸಬಲ್ಲದು. ಕುಂಬಾರನ ಕೈಯಲ್ಲಿ ಜೇಡಿಮಣ್ಣು ಗಡಿಗೆಯಾಗುವುದು ಬಲದಿಂದಲೇ. ಕೆಲವು ಬಲಗಳಿಗೆ ಸ್ಪರ್ಶ ಬೇಕು. ಅಯಸ್ಕಾಂತವು ಮೊಳೆಯನ್ನು ಸೆಳೆಯುವಂತೆ, ಭೂಮಿಯು ಮಾವಿನ ಹಣ್ಣನ್ನು ಕೆಳಗೆ ಸೆಳೆಯುವಂತೆ, ಮುಟ್ಟದೆಯೂ ವರ್ತಿಸುವ ಬಲಗಳುಂಟು.

ಒಂದು ಹಳೆಯ ಪ್ರಶ್ನೆ

ಎಳೆಯುವುದನ್ನು ನಿಲ್ಲಿಸಿದರೆ ಬಂಡಿ ನಿಲ್ಲುತ್ತದೆ. ಆದುದರಿಂದ ವಸ್ತು ಚಲಿಸುತ್ತಿರಬೇಕಾದರೆ ಬಲವು ಸದಾ ಬೇಕೆಂದು ಯಾರಿಗಾದರೂ ತೋರುವುದು ಸಹಜ. ಗ್ರೀಸ್ ದೇಶದ ಮಹಾಮೇಧಾವಿ ಅರಿಸ್ಟಾಟಲನ (ಕ್ರಿ.ಪೂ. 384–322) ವಿಚಾರವೂ ಇದೇ ಆಗಿದ್ದಿತು. ಶತಮಾನಗಳವರೆಗೆ ವಿದ್ವಾಂಸರು ಇದನ್ನೇ ಬಹುಮಟ್ಟಿಗೆ ಒಪ್ಪಿದ್ದರು.

ಇಟಲಿಯ ಗೆಲಿಲಿಯೋ (1564–1642) ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ಚಲನೆಯನ್ನು ಅಳೆದನು. ಅವನ ವಿಚಾರಸರಣಿ ಹೀಗಿದೆ: ಒಂದು ಇಳಿಜಾರಿನಲ್ಲಿ ಇಳಿದ ಗುಂಡು ಎದುರಿನ ಏರಿನಲ್ಲಿ ಬಹುಮಟ್ಟಿಗೆ ಮೊದಲಿನ ಎತ್ತರಕ್ಕೇ ಏರುತ್ತದೆ. ಎದುರಿನ ಏರನ್ನು ತಗ್ಗಿಸಿದಷ್ಟೂ ಆ ಎತ್ತರವನ್ನು ಮುಟ್ಟಲು ಅದು ಹೆಚ್ಚು ದೂರ ಸಾಗಬೇಕು. ಏರೇ ಇಲ್ಲದೆ ನೆಲ ಸಮತಲವಾಗಿ, ತಡೆಯೂ ಇಲ್ಲದಿದ್ದರೆ? ಗುಂಡು ನಿಲ್ಲಲು ಕಾರಣವೇ ಇಲ್ಲ, ಸಾಗುತ್ತಲೇ ಇರಬೇಕು!

ಹಾಗಾದರೆ ಬಂಡಿಯನ್ನು ನಿಲ್ಲಿಸಿದ್ದು ಬಲದ ಅಭಾವವಲ್ಲ. ಘರ್ಷಣೆಯೆಂಬ ಮತ್ತೊಂದು ಬಲ. ಅಚ್ಚಿಗೆ ಕೀಲೆಣ್ಣೆ ಹಚ್ಚಿದ ಬಂಡಿ ಹಗುರವಾಗಿ ಉರುಳುವುದೂ, ಪುಡಿ ಉದುರಿಸಿದ ಕೇರಂ ಹಲಗೆಯ ಮೇಲೆ ಬಿಲ್ಲೆ ದೂರ ಜಾರುವುದೂ ಇದಕ್ಕೆ ಸಾಕ್ಷಿ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆಯನ್ನು ಮುಂದೆ ತಳ್ಳುವ ಎಂಜಿನು ಯಾವುದೂ ಈಗ ಉರಿಯುತ್ತಿಲ್ಲ. ಆದರೂ ಅದು ಸೆಕೆಂಡಿಗೆ ಸುಮಾರು 17 ಕಿಲೋಮೀಟರಿನಂತೆ ಸೂರ್ಯನಿಂದ ದೂರ ಸಾಗುತ್ತಲೇ ಇದೆ. ಅಲ್ಲಿ ತಡೆಯಲು ನೆಲವೂ ಇಲ್ಲ, ಗಾಳಿಯೂ ಇಲ್ಲ.

ನ್ಯೂಟನ್ನನ ಮೂರು ನಿಯಮಗಳು

ಇಂಗ್ಲೆಂಡಿನ ಐಸಾಕ್ ನ್ಯೂಟನ್ನನು 1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಚಲನೆಯ ಮೂರು ನಿಯಮಗಳನ್ನು ನಿರೂಪಿಸಿದನು.

ಮೊದಲನೆಯ ನಿಯಮ: ಹೊರಗಿನ ಬಲವು ವರ್ತಿಸದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ಜವದಲ್ಲಿ ಸರಳರೇಖೆಯಲ್ಲಿ ಚಲಿಸುತ್ತಲೇ ಇರುತ್ತದೆ. ವಸ್ತುವಿನ ಈ ಗುಣಕ್ಕೆ ಜಡತ್ವವೆಂದು ಹೆಸರು. ನಿಂತ ತೇರು ಕದಲದಿರುವುದಕ್ಕೂ ಉರುಳುವ ತೇರು ನಿಲ್ಲದಿರುವುದಕ್ಕೂ ಜಡತ್ವವು ಮುಖ್ಯ ಕಾರಣ. ನಿಂತ ತೇರನ್ನು ಕದಲಿಸುವಾಗ ಮಾತ್ರ ಘರ್ಷಣೆಯೂ ಹೆಚ್ಚಾಗಿರುವುದರಿಂದ ಮೊದಲ ಎಳೆತ ಇನ್ನಷ್ಟು ಕಠಿಣವಾಗುತ್ತದೆ.

ಎರಡನೆಯ ನಿಯಮ: ಬಲ ಹೆಚ್ಚಿದಷ್ಟೂ ವೇಗೋತ್ಕರ್ಷ ಹೆಚ್ಚು, ರಾಶಿ ಹೆಚ್ಚಿದಷ್ಟೂ ವೇಗೋತ್ಕರ್ಷ ಕಡಿಮೆ. ಇದನ್ನು ಬಲ = ರಾಶಿ × ವೇಗೋತ್ಕರ್ಷ ಎಂದು ಬರೆಯುತ್ತೇವೆ. 1 ಕಿಲೋಗ್ರಾಂ ರಾಶಿಯ ವೇಗವನ್ನು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 1 ಮೀಟರಿನಷ್ಟು ಹೆಚ್ಚಿಸುವ ಬಲವೇ 1 ನ್ಯೂಟನ್. 100 ಗ್ರಾಂ ತೂಕದ ಕಲ್ಲನ್ನು ಅಂಗೈಯಲ್ಲಿ ಹಿಡಿದುಕೊಳ್ಳಲು ಹೆಚ್ಚುಕಡಿಮೆ ಇಷ್ಟೇ ಬಲ ಬೇಕು. ಬರಿಯ ಬಂಡಿಯನ್ನು ಎತ್ತುಗಳು ಬೇಗನೆ ಓಡಿಸುವುದೂ, ಕಬ್ಬು ತುಂಬಿದ ಬಂಡಿಯನ್ನು ನಿಧಾನವಾಗಿ ಹೊರಡಿಸುವುದೂ ಈ ನಿಯಮದ ಫಲ.

ಮೂರನೆಯ ನಿಯಮ: ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಹರಿಗೋಲಿನಿಂದ ದಡಕ್ಕೆ ನೆಗೆದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು: 'ಎತ್ತು ಬಂಡಿಯನ್ನು ಎಳೆದಷ್ಟೇ ಬಲದಿಂದ ಬಂಡಿಯೂ ಎತ್ತನ್ನು ಹಿಂದಕ್ಕೆಳೆದರೆ, ಬಂಡಿ ಮುಂದೆ ಹೋಗುವುದಾದರೂ ಹೇಗೆ?' ಪ್ರಶ್ನೆ ಬಹಳ ಒಳ್ಳೆಯದು. ಕ್ರಿಯೆ ಮತ್ತು ಪ್ರತಿಕ್ರಿಯೆಗಳು ಒಂದೇ ವಸ್ತುವಿನ ಮೇಲೆ ವರ್ತಿಸುವುದಿಲ್ಲ. ಒಂದು ಬಂಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ಆದಕಾರಣ ಅವು ಒಂದನ್ನೊಂದು ಅಳಿಸಿಹಾಕಲಾರವು. ಬಂಡಿಯ ಮೇಲಿನ ಬಲಗಳನ್ನಷ್ಟೇ ಎಣಿಸಿರಿ: ಎತ್ತಿನ ಎಳೆತ ಮುಂದಕ್ಕೆ, ಘರ್ಷಣೆಯ ತಡೆ ಹಿಂದಕ್ಕೆ. ಎಳೆತ ಹೆಚ್ಚಾದರೆ ನಿಂತ ಬಂಡಿ ಹೊರಡುತ್ತದೆ. ಎತ್ತು ತಾನು ಮುಂದೆ ಹೋಗುವುದು ಹೇಗೆ? ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲವು ಎತ್ತನ್ನು ಮುಂದಕ್ಕೆ ಒತ್ತುತ್ತದೆ. ಕೆಸರಿನಲ್ಲಿ ಗೊರಸು ಜಾರಿದರೆ ಈ ಒತ್ತು ಸಿಗದು. ಘರ್ಷಣೆಯು ನಮಗೆ ಶತ್ರು ಮಾತ್ರವಲ್ಲ, ಮಿತ್ರನೂ ಹೌದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಮೆಲ್ಲಗೆ ಇಳಿದದ್ದೂ ಈ ನಿಯಮದ ಬಲದಿಂದಲೇ. ಅಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪ್ಯಾರಾಚೂಟು ನಿರರ್ಥಕ. ಎಂಜಿನುಗಳು ಬಿಸಿ ಅನಿಲವನ್ನು ರಭಸದಿಂದ ಹೊರದೂಡಿದವು. ಆ ಅನಿಲದ ಪ್ರತಿಕ್ರಿಯೆಯು ನೌಕೆಯ ವೇಗವನ್ನು ಕುಗ್ಗಿಸಿತು.

ಪ್ರಾಣ ಕಾಯುವ ಪಾಠ

ಓಡುವ ಬಸ್ಸಿನಿಂದ ಧುಮುಕುವುದನ್ನು ಕೆಲವು ಹುಡುಗರು ಸಾಹಸವೆಂದು ತಿಳಿಯುತ್ತಾರೆ. ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಬಸ್ಸು ಹೀಗೆ ಓಡುವಾಗ ಒಳಗಿರುವವನ ದೇಹವೂ ಅಷ್ಟೇ ಜವದಿಂದ ಸಾಗುತ್ತಿರುತ್ತದೆ. ಧುಮುಕಿದವನ ಪಾದವನ್ನು ನೆಲದ ಘರ್ಷಣೆ ತಡೆಯುತ್ತದೆ. ಮೇಲಿನ ದೇಹವು ಜಡತ್ವದಿಂದ ಮುಂದಕ್ಕೇ ಹೋಗುತ್ತದೆ. ಬೀಳದಿರಬೇಕಾದರೆ ಅವನು ಸೆಕೆಂಡಿಗೆ 10 ಮೀಟರಿನಂತೆ ಓಡಬೇಕು. 2009ರಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದ ಉಸೇನ್ ಬೋಲ್ಟನ ಸರಾಸರಿ ಜವವೇ ಇದಕ್ಕಿಂತ ತುಸು ಮಾತ್ರ ಹೆಚ್ಚು! ಆದ್ದರಿಂದ ಬಸ್ಸು ಪೂರ್ಣವಾಗಿ ನಿಂತ ಮೇಲೆಯೇ ಇಳಿಯಬೇಕು.

ಇನ್ನೊಂದು ಮಾತು. ವಾಹನದ ಜವ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಅದು ನಿಲ್ಲಲು ಬೇಕಾದ ದೂರವು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ರಸ್ತೆ ದಾಟುವವರೂ ಮುಂದೆ ವಾಹನ ನಡೆಸುವವರೂ ಇದನ್ನು ನೆನಪಿನಲ್ಲಿಡಬೇಕು.

ಮಾಡಿ ನೋಡಿರಿ

1. ಲೋಟದ ಬಾಯಿಯ ಮೇಲೆ ರಟ್ಟನ್ನೂ ಅದರ ನಡುವೆ ನಾಣ್ಯವನ್ನೂ ಇಡಿರಿ. ರಟ್ಟನ್ನು ಬೆರಳಿನಿಂದ ಚಟ್ಟನೆ ಚಿಮ್ಮಿರಿ. ನಾಣ್ಯ ಎಲ್ಲಿ ಬಿದ್ದಿತು? ರಟ್ಟನ್ನು ನಿಧಾನವಾಗಿ ಎಳೆದರೆ ಏನಾಗುತ್ತದೆ?

2. ಊದಿದ ಬಲೂನಿನ ಬಾಯಿಯನ್ನು ಕಟ್ಟದೆ ಕೈಬಿಡಿರಿ. ಗಾಳಿ ಹೊರಟ ದಿಕ್ಕನ್ನೂ ಬಲೂನು ಹಾರಿದ ದಿಕ್ಕನ್ನೂ ಗಮನಿಸಿರಿ.

3. ಒಂದೇ ಗೋಲಿಯನ್ನು ಒಂದೇ ಇಳಿಜಾರಿನಿಂದ ಮರಳಿನ ಮೇಲೆ, ಚಾಪೆಯ ಮೇಲೆ, ನುಣುಪಾದ ನೆಲದ ಮೇಲೆ ಉರುಳಬಿಟ್ಟು, ಅದು ಸಾಗಿದ ದೂರವನ್ನು ಅಳೆದು ಬರೆದಿಡಿರಿ.

ಈ ಪ್ರಯೋಗಗಳಿಗೆ ಹಣ ಬೇಕಿಲ್ಲ, ದೊಡ್ಡ ಪ್ರಯೋಗಶಾಲೆಯೂ ಬೇಕಿಲ್ಲ. ಹಿರಿಯರು ಹೇಳಿದ್ದೆಂದು ಮಾತ್ರ ಒಪ್ಪದೆ, ತಾನೇ ಅಳೆದು ನೋಡುವ ಮನಸ್ಸೊಂದು ಬೇಕು. ಮೂರನೆಯ ಪ್ರಯೋಗವನ್ನು ಮಾಡಿದ ವಿದ್ಯಾರ್ಥಿಯು, ನೆಲ ಇನ್ನೂ ನುಣುಪಾದರೆ ಗೋಲಿ ಎಲ್ಲಿಯವರೆಗೆ ಹೋದೀತೆಂದು ತನ್ನನ್ನೇ ಕೇಳಿಕೊಳ್ಳಲಿ. ಗೆಲಿಲಿಯೋ ಕೇಳಿಕೊಂಡ ಪ್ರಶ್ನೆಯೂ ಅದೇ.