ವೀಳ್ಯ ಮತ್ತು ಉಡಿ: ಕೊಪ್ಪಳ ಸೀಮೆಯ ನಿಶ್ಚಯ ಶಾಸ್ತ್ರದಲ್ಲಿ ಸಂವಹನ ಹಾಗೂ ಸಂಕೇತ

ಮದುವೆಯ ಹಾಡು, ಬೀಗರ ಹಾಡು, ಒಡಪುಗಳ ಸಂಗ್ರಹಕ್ಕೆ ಕನ್ನಡ ಜಾನಪದ ಅಧ್ಯಯನ ನೀಡಿದ ಮಹತ್ವವನ್ನು ನಿಶ್ಚಯ ಶಾಸ್ತ್ರಕ್ಕೆ ನೀಡಿದಂತಿಲ್ಲ. ಈ ಆಚರಣೆ ಮಾತಿಗಿಂತ ಹೆಚ್ಚಾಗಿ ವಸ್ತುಗಳ ಮೂಲಕ ನಡೆಯುವುದು ಅದಕ್ಕೆ ಕಾರಣವಿರಬಹುದು. ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ, ಆನೆಗೊಂದಿಯ ಪರಿಸರವೂ ಸೇರಿದಂತೆ ಕೊಪ್ಪಳ ಸೀಮೆಯಲ್ಲಿ ಗಂಡಿನ ಕಡೆಯವರು ಹೆಣ್ಣು ಕೇಳಲು ಬರುವುದು ವಾಡಿಕೆ. ಒಲ್ಲದ ಸಂಬಂಧಕ್ಕೆ ನೇರವಾಗಿ 'ಒಲ್ಲೆ' ಎನ್ನುವುದು ವಿರಳ. 'ಈ ವರ್ಷ ಮದುವಿ ಮಾಡೂದಿಲ್ಲ' ಎಂಬ ಒಂದು ಮಾತು ಸಾಕು. ಕೇಳಿದವರ ಮರ್ಯಾದೆಯೂ ಉಳಿಯುತ್ತದೆ, ಹೇಳಿದವರ ಮರ್ಯಾದೆಯೂ ಉಳಿಯುತ್ತದೆ.

ಒಪ್ಪಿಗೆಯ ಬಗೆ ಬೇರೆ. ಅದಕ್ಕೆ ಹಿರಿಯರು ಕೂಡಬೇಕು, ಎಲೆ-ಅಡಿಕೆ ಬದಲಾಗಬೇಕು, ಸಕ್ಕರೆ ಹಂಚಬೇಕು. ನೆರೆಯ ಮರಾಠಿಯಲ್ಲಿ ನಿಶ್ಚಿತಾರ್ಥಕ್ಕೆ 'ಸಾಖರಪುಡಾ' ಎಂಬ ಹೆಸರೇ ಇದೆ. ಕೂಡಿದ ಜನರನ್ನು ಉತ್ತರ ಕರ್ನಾಟಕದ ಆಡುನುಡಿ 'ದೈವ' ಎಂದು ಕರೆಯುವುದು ಅರ್ಥಪೂರ್ಣವಾಗಿದೆ. ಇಲ್ಲಿ ದೈವವೆಂದರೆ ಗುಡಿಯ ದೇವರಲ್ಲ, ಸಾಕ್ಷಿಯಾಗಿ ಕುಳಿತ ಸಮುದಾಯ. ವೀಳ್ಯ ಪಡೆಯುವುದೆಂದರೆ ಹೊಣೆ ಹೊರುವುದು ಎಂಬ ಅರ್ಥ ಕನ್ನಡದಲ್ಲಿ ಹಳೆಯದು. ಯುದ್ಧಕ್ಕೆ ಹೊರಡುವವನಿಗೆ ಕೊಡುವ ರಣವೀಳ್ಯ ಅದರ ಪ್ರಸಿದ್ಧ ರೂಪ. 1443ರಲ್ಲಿ ಆನೆಗೊಂದಿಯ ಎದುರು ದಂಡೆಯ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅರಸನಿಂದ ವೀಳ್ಯ-ಕರ್ಪೂರ ಪಡೆದುದನ್ನು ದಾಖಲಿಸಿದ್ದಾನೆ. ಆಸ್ಥಾನದ ಆ ವೀಳ್ಯಕ್ಕೂ ಬೀಗರ ವೀಳ್ಯಕ್ಕೂ ನೇರ ಸಂಬಂಧ ಕಲ್ಪಿಸುವುದು ಆತುರವಾದೀತು. ಸ್ವೀಕರಿಸುವುದೇ ಬದ್ಧನಾಗುವುದು ಎಂಬ ತರ್ಕ ಮಾತ್ರ ಎರಡಕ್ಕೂ ಸಮಾನವಾಗಿದೆ.

ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಸಮುದಾಯದೊಡನೆ ಹೋಲಿಸಿದಾಗ ಇದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಅಲ್ಲಿಯೂ ವೀಳ್ಯದೆಲೆಯಿಂದಲೇ ಮಾತು ಆರಂಭ. ಅಲ್ಲಿಯೂ ಸೋದರಮಾವನದು ಹಿರಿಯ ಸ್ಥಾನ. ಆದರೆ ಅದು ಮಾತೃವಂಶೀಯ ಸಮಾಜ. ಹಲವೆಡೆ ಹೆಣ್ಣಿನ ಕಡೆಯವರೇ ಗಂಡು ಕೇಳಲು ಹೋಗುತ್ತಾರೆ; ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಾನೆ. ನಿಶ್ಚಯದಲ್ಲಿ ಎರಡೂ ಮನೆಗಳು ಕಠಾರಿ, ನೇಯ್ದ ವಸ್ತ್ರದಂತಹ ವಂಶದ ವಸ್ತುಗಳನ್ನು ಕುರುಹಾಗಿ ಬದಲಿಸಿಕೊಂಡು ಮದುವೆಯ ನಂತರ ಹಿಂತಿರುಗಿಸುತ್ತವೆ. ಕೊಪ್ಪಳ ಸೀಮೆಯ ಕುರುಹುಗಳಾದರೋ ಎಲೆ, ಸಕ್ಕರೆ, ಕೊಬ್ಬರಿ, ಉತ್ತತ್ತಿ: ತಿಂದು ಮುಗಿಯುವಂಥವು. ಮೆದ್ದ ಎಲೆಯನ್ನು ಹಿಂದಕ್ಕೆ ಕೊಡಲಾಗದು. ತಿಂದ ಬಾಯಿಗಳೇ ಇಲ್ಲಿ ಕರಾರುಪತ್ರ.

ಹಾಗಾದರೆ ಯಾರ ಮದುವೆಯೋ ಆಕೆ ಈ ಸಂವಹನದಲ್ಲಿ ಎಲ್ಲಿದ್ದಾಳೆ? ಆಕೆಗೆ ಸೀರೆ ಉಡಿಸಿ, ಖಣವಿಟ್ಟು, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬುಗಳಿಂದ ಉಡಿ ತುಂಬುತ್ತಾರೆ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಈ ಸೀಮೆಗೆ ದೂರದವಲ್ಲ. ಉಡಿ ಸಂತಾನದ, ಸಮೃದ್ಧಿಯ ಸಂಕೇತವೆಂಬ ವಿವರಣೆ ಸರಿಯೇ, ಆದರೆ ಅಪೂರ್ಣ. ಎಲೆ-ಅಡಿಕೆ ಆಕೆಯ ಉಡಿಗೂ ಬೀಳುತ್ತವೆ. ಆದರೆ ಅದು ಬದಲಿಗೆ ಬದಲು ಕೊಡುವ ವೀಳ್ಯವಲ್ಲ. ಹಿರಿಯರು ಕೊಟ್ಟು ಪಡೆಯುತ್ತಾರೆ, ಆಕೆ ಪಡೆಯುತ್ತಾಳೆ ಅಷ್ಟೆ. ತಗ್ಗಿಸಿದ ತಲೆಯನ್ನು ದೈವವು ನಾಚಿಕೆಯೆಂದೂ ನಾಚಿಕೆಯನ್ನು ಒಪ್ಪಿಗೆಯೆಂದೂ ಓದಿಕೊಳ್ಳುತ್ತದೆ. ಒಲ್ಲೆನೆಂಬುದನ್ನು ನಯವಾಗಿ ಹೇಳಲು ಹಿರಿಯರಿಗೆ ಹತ್ತು ನುಡಿಗಟ್ಟುಗಳನ್ನು ಒದಗಿಸಿದ ಈ ಪದ್ಧತಿ ಆಕೆಗೆ ಒಂದು ಸಂಜ್ಞೆಯನ್ನೂ ಉಳಿಸಿಲ್ಲ.

ಈಚಿನ ದಶಕಗಳಲ್ಲಿ ಸೇರಿಕೊಂಡ ಉಂಗುರ ಬದಲಾವಣೆಯನ್ನು ನಗರದ ಅನುಕರಣೆಯೆಂದು ತಳ್ಳಿಹಾಕುವವರುಂಟು. ಉಡಿ ತುಂಬಿಸಿಕೊಂಡ ಹುಡುಗಿ ದೈವದ ಎದುರು ತನ್ನ ಕೈಯಾರೆ ಏನನ್ನಾದರೂ ಕೊಡುವುದು ಈ ಶಾಸ್ತ್ರದಲ್ಲಿ ಅದೊಂದು ಗಳಿಗೆಯಲ್ಲಿ ಮಾತ್ರ.